ಎಲ್ಲ ನಾಡುಗಳ ಕೊಡಗರು

ಕೊಡಗಿನ ಇತಿಹಾಸವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಹಾಲೇರಿಯ ಅರಸರು. ಟಿಪ್ಪುವಿನ ದಂಡಿಗೆ ಮಣಿಯದ ದೊಡ್ಡ ವೀರರಾಜ, 1834ರಲ್ಲಿ ಇಂಗ್ಲಿಷರಿಗೆ ರಾಜ್ಯವನ್ನು ಒಪ್ಪಿಸಿ ಹೊರಟ ಚಿಕವೀರರಾಜ, ಇವರಿಬ್ಬರ ನಡುವಣ ಕಥೆಯೇ ಕೊಡಗಿನ ಕಥೆಯೆಂಬಂತೆ ನಾವು ಮಾತನಾಡುತ್ತೇವೆ. ಮಾಸ್ತಿಯವರ ಕಾದಂಬರಿ ಆ ಕೊನೆಯ ಅಂಕವನ್ನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿದೆ. ಆದರೆ ಹಾಲೇರಿಯ ವಂಶ ಕೊಡಗಿನಲ್ಲಿ ನೆಲೆಯೂರಿದ್ದು 1600ರ ಸುಮಾರಿಗೆ. ಅದಕ್ಕೆ ಹಿಂದೆ ಆರು ಶತಮಾನಗಳ ಕಾಲ ಆ ಮಲೆಯ ಮೇಲೆ ಕಣ್ಣಿಟ್ಟವರು, ದಂಡು ಕಳಿಸಿದವರು, ಗೆದ್ದೆವೆಂದು ಕಲ್ಲಿನಲ್ಲಿ ಕೊರೆಸಿದವರು ಬೇರೆ ಬೇರೆ. ಆ ಕಥೆಯನ್ನು ಹೇಳುವವರು ಕಡಮೆ.

ಜೆ.ಪಿ. ನಗರದಲ್ಲಿರುವ ನನ್ನ ಮಿತ್ರರೊಬ್ಬರು, ಕೊಡವರು, ಒಮ್ಮೆ ತುಸು ಕಟುವಾಗಿಯೇ ಕೇಳಿದರು: “ನಿಮ್ಮ ಚರಿತ್ರೆಯ ಪುಸ್ತಕಗಳಲ್ಲಿ ನಾವು ಯಾವಾಗಲೂ ಯಾರೋ ಒಬ್ಬ ದೊರೆಯ ಪ್ರಜೆಗಳು. ಇಂಥವನು ಗೆದ್ದ, ಇಂಥವನು ಆಳಿದ, ಇಂಥವನು ಸೋತ. ನಾವಾಗಿ ಏನನ್ನಾದರೂ ಮಾಡಿದ್ದುಂಟೇನು ಸ್ವಾಮಿ?” ಪ್ರಶ್ನೆ ನ್ಯಾಯವಾದದ್ದು. ನನಗೆ ತಿಳಿದಂತೆ ಅದಕ್ಕೆ ಉತ್ತರ ಕೊಡುವ ಕಲ್ಲೊಂದು ಇದೆ, ಅದು 1174ರದು. ಆದರೆ ಆ ಕಲ್ಲಿನ ಒಂದು ಮಾತಿನ ಬೆಲೆ ತಿಳಿಯಬೇಕಾದರೆ ನೂರೆಪ್ಪತ್ತು ವರ್ಷ ಹಿಂದಕ್ಕೆ ಸರಿದು, ಬಯಲುಸೀಮೆಯಿಂದ ಹೊರಡಬೇಕು.

ನಾನಿರುವ ಜಯನಗರದಿಂದ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಬೇಗೂರು. ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ, ಸುಮಾರು 890ರ ಶಾಸನ ದೊರೆತದ್ದರಿಂದ ಆ ಊರು ಈಗ ಎಲ್ಲರಿಗೂ ಗೊತ್ತು. ಅಲ್ಲಿಯ ನಾಗೇಶ್ವರ, ನಗರೇಶ್ವರ ಗುಡಿಗಳು ತಲಕಾಡಿನ ಗಂಗರ ಕಾಲದವು. ಅದೇ ಪ್ರಾಕಾರದಲ್ಲಿ ಇನ್ನೂ ಕೆಲವು ಗುಡಿಗಳಿವೆ. ಅವುಗಳಲ್ಲಿ ಒಂದರ ದೇವರು ಚೋಳೇಶ್ವರ. ಗಂಗರ ಸಾಮಂತನೊಬ್ಬನ ಊರಿನಲ್ಲಿ ಚೋಳರ ಹೆಸರಿನ ಶಿವ ಹೇಗೆ ಬಂದು ಕುಳಿತ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1004ರ ಸುಮಾರಿಗೆ ರಾಜರಾಜ ಚೋಳನ ಸೈನ್ಯ ತಲಕಾಡನ್ನು ಹಿಡಿಯಿತು. ಗಂಗವಾಡಿ ಚೋಳರ ಪಾಲಾಯಿತು. ಬಯಲಿನಲ್ಲಿ ಗೆದ್ದವನು ಗುಡಿ ಕಟ್ಟಿಸಿದ, ಕೆರೆಗೆ ದತ್ತಿ ಬಿಟ್ಟ, ತಮಿಳಿನಲ್ಲಿ ಶಾಸನ ಹಾಕಿಸಿದ. ಬೆಂಗಳೂರಿನ ಸುತ್ತ ಇಂದಿಗೂ ಆ ಅಕ್ಷರಗಳು ಕಾಣುತ್ತವೆ. ನೆಲ ಸಮ, ದಾರಿ ನೇರ, ಆಳ್ವಿಕೆಯೂ ನೇರ.

ಅದೇ ಚೋಳರ ದಂಡು ಕಾವೇರಿಯ ಗುಂಟ ಪಶ್ಚಿಮಕ್ಕೆ ಏರುತ್ತಾ ಹೋಯಿತು. ಈಗಿನ ಮೈಸೂರು ಜಿಲ್ಲೆಯ ಹನಸೋಗೆ ಆಗ ಪನಸೋಗೆ. ಜೈನ ಬಸದಿಗಳಿಗೆ ಹೆಸರಾದ ಊರು. ಆ ಸೀಮೆಗೂ ಕೊಡಗಿನ ಪೂರ್ವಭಾಗಕ್ಕೂ ಚಂಗಾಳ್ವರೆಂಬವರು ಒಡೆಯರಾಗಿದ್ದರು. 1004ರಲ್ಲಿ ಪನಸೋಗೆಯಲ್ಲಿ ಕಾಳಗವಾಯಿತು. ಚೋಳರ ಕಡೆಯ ದಂಡನಾಯಕ ಪಂಚವ ಮಹಾರಾಯ. ಶ್ರೀರಂಗಪಟ್ಟಣದ ಬಳಿಯ ಬಲಮುರಿಯಲ್ಲಿ 1012ರ ಅವನ ಶಾಸನವಿದೆ. ಅದರಲ್ಲಿ ಅವನು ತನ್ನನ್ನು ರಾಜರಾಜನ ಪಾದಕಮಲದ ದುಂಬಿ ಎಂದು ಕರೆದುಕೊಂಡಿದ್ದಾನೆ. ಗಂಗಮಂಡಲ ವೆಂಗಿಮಂಡಲಗಳೆರಡಕ್ಕೂ ತಾನು ಮಹಾದಂಡನಾಯಕನೆಂದಿದ್ದಾನೆ. ದುಂಬಿಯೆನಿಸಿಕೊಂಡವನು ತುಳುವ ಕೊಂಕಣಗಳನ್ನು ಹಿಡಿದ ಬಗೆಯನ್ನೂ ಅಲ್ಲೇ ಹೇಳಿಕೊಳ್ಳುತ್ತಾನೆ. ಚಂಗಾಳ್ವರು ಅವನೆದುರು ಸೋತರು.

ಈ ಕಾಳಗದಲ್ಲಿ ಚೋಳರ ಪರವಾಗಿ ಪರಾಕ್ರಮ ತೋರಿದ ಸ್ಥಳೀಯನೊಬ್ಬನಿದ್ದ. ಅವನ ಹೆಸರು ಮನಿಜ. ಎಷ್ಟು ಸಾದಾ ಹೆಸರು ನೋಡಿ, ಬಿರುದಿಲ್ಲ, ವಂಶವಿಲ್ಲ. ಅವನ ಸಾಹಸವನ್ನು ಕೇಳಿ ಮೆಚ್ಚಿದ ರಾಜರಾಜ ಅವನಿಗೆ ಪಟ್ಟ ಕಟ್ಟಿಸಿದ, ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದಿತ್ತ, ಮಾಲವ್ವಿಯನ್ನು ಉಂಬಳಿ ಬಿಟ್ಟ. ಉತ್ತರ ಕೊಡಗಿನ ಮಾಲಂಬಿಯೇ ಈ ಮಾಲವ್ವಿ. ಹೀಗೆ ಹುಟ್ಟಿತು ಕೊಂಗಾಳ್ವರ ವಂಶ. ಉತ್ತರ ಕೊಡಗನ್ನೂ ಅರಕಲಗೂಡು ಸೀಮೆಯನ್ನೂ ಅವರು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಆಳಿದರು.

ಸ್ವಾರಸ್ಯವಿರುವುದು ಮುಂದಿನ ತಲೆಮಾರುಗಳಲ್ಲಿ. ಮನಿಜನ ನಂತರದವರ ಹೆಸರುಗಳು ರಾಜೇಂದ್ರಚೋಳ ಕೊಂಗಾಳ್ವ, ರಾಜೇಂದ್ರ ಪೃಥುವಿ ಕೊಂಗಾಳ್ವ, ಹೀಗೆ. ಸೋತ ಚಂಗಾಳ್ವರೂ ಹಿಂದೆ ಬೀಳಲಿಲ್ಲ. ಪನಸೋಗೆಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಗೆದ್ದವನ ಹೆಸರನ್ನು ಸೋತವನು ತನ್ನ ಹೆಸರಿನ ಮುಂದೆ ಕಟ್ಟಿಕೊಂಡ. ಕೊಂಗಾಳ್ವರಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾವು ಚೋಳಕುಲದ ಸೂರ್ಯರು, ಓರೆಯೂರಿನ ಒಡೆಯರು ಎಂದು ಬರೆಸಿಕೊಂಡರು. ಓರೆಯೂರು ಎಂದರೆ ತಿರುಚ್ಚಿಯ ಬಳಿಯ ಉರೈಯೂರು, ಚೋಳರ ಆದಿ ರಾಜಧಾನಿ. ಮಾಲಂಬಿಯ ಮಳೆಯಲ್ಲಿ ಕುಳಿತ ಮನಿಜನ ಮೊಮ್ಮಕ್ಕಳಿಗೂ ಆ ಬಿಸಿಲ ನಾಡಿಗೂ ಎತ್ತಣ ನಂಟು! ಇದನ್ನು ನೋಡಿ ನಕ್ಕುಬಿಡುವುದು ಸುಲಭ. ಆದರೆ ದೂರದ ಚಕ್ರವರ್ತಿಯ ಹೆಸರು ಹೊತ್ತುಕೊಂಡರೆ ಹತ್ತಿರದ ಶತ್ರು ಹೆದರುತ್ತಾನೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು.

ಅವರನ್ನು ಒರಟು ಪಾಳೆಯಗಾರರೆಂದು ಎಣಿಸುವಂತೆಯೂ ಇಲ್ಲ. ಮುಳ್ಳೂರಿನಲ್ಲಿ ರಾಜೇಂದ್ರ ಕೊಂಗಾಳ್ವನ ಕಾಲದ, 1058ರ ದತ್ತಿಯ, ಬಸದಿಗಳಿವೆ. ಅವನ ತಾಯಿ ಪೋಚಬ್ಬರಸಿ ತಮ್ಮ ಗುರು ಗುಣಸೇನಪಂಡಿತರಲ್ಲಿ ಇಟ್ಟಿದ್ದ ಭಕ್ತಿಯನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. 1079ರ ಇನ್ನೊಂದು ಶಾಸನವನ್ನು ಬರೆದ ನಕುಲಾರ್ಯ ಎಂಬ ಸಂಧಿವಿಗ್ರಹಿ ನಾಲ್ಕು ಭಾಷೆಗಳಲ್ಲಿ ಬರೆಯಬಲ್ಲವನಾಗಿದ್ದನಂತೆ. ಮಲೆಯಂಚಿನ ಸಣ್ಣ ಅರಸನಿಗೆ ನಾಲ್ಕು ಭಾಷೆಯ ಕಾರ್ಯದರ್ಶಿ ಏಕೆ ಬೇಕಾದ? ಸುತ್ತ ನಾಲ್ಕು ಕಡೆ ದೊಡ್ಡವರಿದ್ದುದರಿಂದ.

ಇಲ್ಲಿ ಸ್ವಲ್ಪ ಕಡಲಾಚೆಗೆ ನೋಟ ಹರಿಸಿದರೆ ವಿಷಯ ಇನ್ನೂ ಸ್ಪಷ್ಟವಾದೀತು. ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಬೆಟ್ಟದ ನಾಡಿದೆ, ಕೆಲ್ಟ್ ಜನಾಂಗದವರದು. ವೆಲ್ಷ್ ಎಂಬುದು ಅವರು ಇಟ್ಟುಕೊಂಡ ಹೆಸರಲ್ಲ. ಹಳೆಯ ಇಂಗ್ಲಿಷಿನಲ್ಲಿ ಪರಕೀಯ ಎಂಬರ್ಥದ ಮಾತಿನಿಂದ ಅದು ಬಂದದ್ದು. ತಮ್ಮ ನೆಲದಲ್ಲೇ ಅವರು ಪರಕೀಯರಾದರು! ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಕಮ್ರಿ, ಒಂದೇ ನಾಡಿನವರು, ಎಂದು. 1282ರ ಡಿಸೆಂಬರಿನಲ್ಲಿ ಅವರ ರಾಜ ಲೆವೆಲಿನ್ ಇಂಗ್ಲಿಷರ ಸೈನಿಕರ ಕೈಯಲ್ಲಿ ಸತ್ತ; ಅವನ ತಲೆಯನ್ನು ಲಂಡನ್ನಿಗೆ ಒಯ್ದರು. ಮರುವರ್ಷ ಅವನ ತಮ್ಮನ ಕಥೆಯೂ ಮುಗಿಯಿತು. ಎಡ್ವರ್ಡ್ ದೊರೆ 1284ರಲ್ಲಿ ಕಾನೂನು ಹೊರಡಿಸಿ ಆ ನಾಡನ್ನು ತನ್ನ ಕಿರೀಟಕ್ಕೆ ಸೇರಿಸಿಕೊಂಡ. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್ ಎಂಬಲ್ಲಿ ಭಾರಿ ಕೋಟೆಗಳನ್ನು ಎಬ್ಬಿಸಿದ. 1301ರಲ್ಲಿ ತನ್ನ ಮಗನಿಗೇ ‘ವೇಲ್ಸಿನ ರಾಜಕುಮಾರ’ ಎಂಬ ಪಟ್ಟವನ್ನು ಕೊಟ್ಟ. ಇಂಗ್ಲೆಂಡಿನ ಯುವರಾಜನಿಗೆ ಆ ಬಿರುದು ಇಂದಿಗೂ ಸಲ್ಲುತ್ತದೆ.

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ಗೆದ್ದವನು ಸೋತವನ ಬಿರುದನ್ನು ಕಿತ್ತು ತಾನು ತೊಟ್ಟುಕೊಂಡ. ಇಲ್ಲಿ ಸೋತವನು ಗೆದ್ದವನ ಹೆಸರನ್ನು ತೊಟ್ಟುಕೊಂಡು ತನ್ನ ಜಾಗದಲ್ಲೇ ಉಳಿದ. ಚೋಳರಿಗೆ ಕೊಡಗಿನಲ್ಲಿ ಕೋಟೆಗಳ ಸಾಲು ಕಟ್ಟಿಸುವ ಮನಸ್ಸಿರಲಿಲ್ಲ. ಮಲೆಯ ಬಾಗಿಲಲ್ಲಿ ತಮ್ಮ ಹೆಸರಿನವನೊಬ್ಬ ಕುಳಿತರೆ ಅವರಿಗೆ ಸಾಕಾಗಿತ್ತು. ಬಾಗಿಲಿನಿಂದಾಚೆ ಏನಿತ್ತೆಂಬುದನ್ನು ಅವರ ಶಾಸನಗಳು ಹೆಚ್ಚಾಗಿ ಕೇಳುವುದೂ ಇಲ್ಲ.

ಹಾಗಾದರೆ ಒಳಗಿದ್ದವರು ಯಾರು? ಹಳೆಯ ಶಾಸನಗಳು ಮಲೆಯವರನ್ನು ಒಟ್ಟಾರೆ ‘ಮಲೆಪರು’ ಎನ್ನುತ್ತವೆ. ಇದೂ ಹೊರಗಿನವರಿಟ್ಟ ಹೆಸರೇ. ದಕ್ಷಿಣ ಕೊಡಗಿನ ಬಿಳಿಯೂರಿನ 888ರ ಶಾಸನ ಗಂಗರ ಸತ್ಯವಾಕ್ಯ ಪೆರ್ಮಾನಡಿಯದು. ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಅವನು ಬಿಟ್ಟುಕೊಟ್ಟ. ಆ ದತ್ತಿಯನ್ನು ಕಾಯಬೇಕಾದವರ ಸಾಲಿನಲ್ಲಿ ಮಲೆಪರೂ ಇದ್ದಾರೆ. ಗಂಗರು ಅವರನ್ನು ಕಾವಲಿಗೆ ಕರೆದರು. ಮುಂದೆ ಹೊಯ್ಸಳರು ಅದೇ ಹೆಸರನ್ನು ಹಿಡಿದು ‘ಮಲೆಪರೊಳ್ಗಂಡ’ ಎಂಬ ಬಿರುದು ಧರಿಸಿದರು, ಮಲೆಪರ ನಡುವೆ ತಾನೇ ಗಂಡುಗಲಿ ಎಂದು. ಅವರ ಹೊನ್ನಿನ ನಾಣ್ಯಗಳ ಮೇಲೆಯೂ ಈ ಬಿರುದು ಅಚ್ಚಾಗಿದೆ.

ಇದೇ ಬಿಳಿಯೂರ ಶಾಸನದಲ್ಲಿ ಬಂದ ‘ಕಡಂಗ’ ಎಂಬ ಮಾತಿನ ಬಳಿ ಒಂದು ಕ್ಷಣ ನಿಲ್ಲಬೇಕು. ಕಡಂಗವೆಂದರೆ ಕಾಳಗಕ್ಕಾಗಿ ತೋಡಿದ ಅಗಳು. ಒಂದು ಕಡೆ ಆಳವಾದ ಕಂದಕ, ಅದರ ಮಣ್ಣನ್ನೇ ಎತ್ತಿ ಹಾಕಿದ ದಿಬ್ಬ. ಬೆಟ್ಟ ಹತ್ತಿ, ಕಣಿವೆ ಇಳಿದು, ಮೈಲಿಗಟ್ಟಲೆ ಸಾಗುತ್ತದೆ. ನಾಡಿಗೂ ನಾಡಿಗೂ ಅದೇ ಎಲ್ಲೆ. ಕಾಫಿ ತೋಟಗಳ ನಡುವೆ ಇಂದೂ ಅದರ ಅವಶೇಷಗಳನ್ನು ಕಾಣಬಹುದು; ಊರ ಹೆಸರಾಗಿಯೂ ಉಳಿದಿದೆ. 888ರಲ್ಲಿ ಒಂದು ಸ್ಥಳದ ಹೆಸರಿನಲ್ಲೇ ಕಡಂಗ ಸೇರಿಹೋಗಿತ್ತೆಂದರೆ, ಅದನ್ನು ತೋಡುವ ರೂಢಿ ಅದಕ್ಕೂ ಹಳೆಯದು. ಕೋಟೆಯನ್ನು ಅರಸ ಕಟ್ಟಿಸುತ್ತಾನೆ. ಗದ್ದೆಯ ಅಂಚಿನಿಂದ ಕಾಡಿನ ನೆತ್ತಿಯವರೆಗೆ ಹಬ್ಬಿದ ಇಂಥ ಅಗಳನ್ನು ತೋಡಿ, ಮಳೆಗಾಲ ಮಳೆಗಾಲಕ್ಕೆ ಕುಸಿದದ್ದನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದವರು ಆಯಾ ನಾಡಿನವರೇ ಆಗಿರಬೇಕೆಂದು ನನಗೆ ತೋರುತ್ತದೆ.

ಈಗ ಹೊಯ್ಸಳರ ಕಡೆಗೆ ಬರೋಣ. ಅವರೂ ಮಲೆಯವರೇ. ಅವರ ಮೂಲಸ್ಥಾನ ಸೊಸೆವೂರು, ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ. 1022ರಲ್ಲಿ ರಾಜೇಂದ್ರಚೋಳ ಕೊಂಗಾಳ್ವ ಹೊಯ್ಸಳರ ನೃಪಕಾಮನ ಮೇಲೆ ಬಿದ್ದಾಗ ನೃಪಕಾಮ ತಲೆ ಉಳಿಸಿಕೊಂಡದ್ದೇ ಹೆಚ್ಚು. ಅಂದು ಆ ಕಾಳಗವನ್ನು ನೋಡಿದವರು ಇಬ್ಬರು ಸಮಾನ ಮಲೆಯೊಡೆಯರ ಜಗಳವೆಂದು ತಿಳಿದಿರಬೇಕು. ಪಣ ಕಟ್ಟುವುದಿದ್ದರೆ ಕೊಂಗಾಳ್ವನ ಮೇಲೆಯೇ ಕಟ್ಟುತ್ತಿದ್ದರು. ನೂರು ವರ್ಷ ಕಳೆಯುವುದರಲ್ಲಿ ಮಾತು ತಿರುಗಿತು. ವಿಷ್ಣುವರ್ಧನ 1116–17ರಲ್ಲಿ ಚೋಳರಿಂದ ತಲಕಾಡನ್ನು ಕಿತ್ತುಕೊಂಡು ‘ತಲಕಾಡುಗೊಂಡ’ನಾದ. ಚೋಳರು ಕನ್ನಡ ನಾಡನ್ನು ಬಿಟ್ಟು ಸರಿದ ಮೇಲೆ ಕೊಂಗಾಳ್ವರ ಹೆಸರಿನಲ್ಲಿದ್ದ ಚೋಳನಿಗೆ ಬೆಲೆ ಉಳಿಯಲಿಲ್ಲ. 12ನೆಯ ಶತಮಾನ ಮುಗಿಯುವ ವೇಳೆಗೆ ಅವರ ಸುದ್ದಿಯೇ ಅಡಗುತ್ತದೆ. ಚಂಗಾಳ್ವರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ವಿಷ್ಣುವರ್ಧನನ ಮಗ ನರಸಿಂಹ ಚಂಗಾಳ್ವನನ್ನು ಕಾಳಗದಲ್ಲಿ ಕೊಂದು ಆನೆ, ಕುದುರೆ, ಹೊನ್ನು, ಹೊಸ ರತ್ನಗಳನ್ನು ದೋಚಿಕೊಂಡನೆಂದು ಹೊಯ್ಸಳರ ಶಾಸನ ಹೇಳುತ್ತದೆ. ಸತ್ತದ್ದು ಒಬ್ಬ ಚಂಗಾಳ್ವ. ವಂಶ ಹಾಗೇ ಉಳಿಯಿತು.

1173ರಲ್ಲಿ ಎರಡನೆಯ ಬಲ್ಲಾಳ ಪಟ್ಟಕ್ಕೆ ಬಂದ. ಮರುವರ್ಷವೇ ಬೆಟ್ಟರಸನೆಂಬ ದಂಡನಾಯಕನನ್ನು ಚಂಗಾಳ್ವ ಮಹಾದೇವನ ಮೇಲೆ ಕಳಿಸಿದ. ಬೆಟ್ಟಕ್ಕೆ ಬೆಟ್ಟರಸನನ್ನೇ ಕಳಿಸಿದ್ದು ಕಾಕತಾಳೀಯವಿರಬಹುದು! ಮಹಾದೇವ ಬಯಲಂಚಿನ ತನ್ನ ಊರುಗಳನ್ನು ಬಿಟ್ಟು ಒಳನಾಡಿನ ಪಾಲ್ಪರೆಗೆ ಸರಿದಿದ್ದ. ಪಾಲ್ಪರೆ ಇರುವುದು ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನಲ್ಲಿ, ಬಯಲಿನ ದಂಡಿಗೆ ಎಲ್ಲ ರೀತಿಯಲ್ಲೂ ದೂರದ ಜಾಗ. ಬೆಟ್ಟರಸ ಬೆನ್ನಟ್ಟಿ ಹೋಗಿ ಮಹಾದೇವನನ್ನು ನಾಶ ಮಾಡಿದ. ಹಿಂತಿರುಗದೆ ಪಾಲ್ಪರೆಯನ್ನೇ ಪಟ್ಟಣ ಮಾಡಿಕೊಂಡು ಅಲ್ಲಿಂದ ಆಳಲು ನಿಂತ. ಚೋಳರು ಮಾಡದ್ದನ್ನು ಅವನು ಮಾಡಿದ. ಬಾಗಿಲಲ್ಲಿ ನಿಲ್ಲದೆ ನಡುಮನೆಗೇ ಬಂದು ಕುಳಿತ. ವೇಲ್ಸಿನಲ್ಲಿ ಎಡ್ವರ್ಡ್ ಮಾಡಿದ್ದೂ ಇದನ್ನೇ, ನೂರು ವರ್ಷಗಳ ನಂತರ.

ಅರಸ ಸತ್ತ, ಕೋಟೆ ಕೈಸೇರಿತು. ಲೆಕ್ಕದ ಪ್ರಕಾರ ಯುದ್ಧ ಅಲ್ಲಿಗೆ ಮುಗಿಯಬೇಕು. ಆದರೆ ಶಾಸನ ಮುಂದುವರಿಯುತ್ತದೆ. ಚಂಗಾಳ್ವರ ಪೆಮ್ಮ ವೀರಪ್ಪ, ಅವನೊಡನೆ ನಂದಿದೇವ, ಕುರ್ಚಿಯ ಉದಯಾದಿತ್ಯದೇವ ಮೊದಲಾದವರು, ಜೊತೆಗೆ ಎಲ್ಲ ನಾಡುಗಳ ಕೊಡಗರು ಕೂಡಿಕೊಂಡು ಪಾಲ್ಪರೆಯ ಮೇಲೆ ನಡೆದುಬಂದರು. ಬೆಟ್ಟರಸ ಸೋಲಿನ ಅಂಚಿಗೆ ಹೋಗಿದ್ದನೆಂದು ಆ ವರ್ಣನೆಯಿಂದಲೇ ತಿಳಿಯುತ್ತದೆ. ಕೊನೆಗೆ ಅವನೇ ಗೆದ್ದ. ಗೆದ್ದದ್ದರಿಂದಲೇ ನಮಗೆ ಈ ಕಲ್ಲು ಉಳಿದಿದೆ.

ಕೊಡಗರು ಎಂಬ ಹೆಸರಿನಿಂದ ಆ ಜನ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಇದೇ ಮೊದಲು. ಅದುವರೆಗೆ ಅವರು ಮಲೆಪರು, ಇಲ್ಲವೆ ಕೊಂಗಾಳ್ವನ ಜನ, ಚಂಗಾಳ್ವನ ಜನ. ಕಲ್ಲಿನ ಮೇಲೆ ಅವರ ಸ್ವಂತ ಹೆಸರನ್ನು ಬರೆದವನು ಅವರ ಮಿತ್ರನಲ್ಲ, ಅವರ ಅರಸನೂ ಅಲ್ಲ, ಅವರನ್ನು ಸೋಲಿಸಿದವನು. ನನ್ನ ಮಿತ್ರರ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರವಿದು. ಶತ್ರು ದಾಖಲೆಯಲ್ಲಿ ಸುಮ್ಮನೆ ಹೊಗಳುವುದಿಲ್ಲ. ತನ್ನ ಗೆಲುವನ್ನು ದೊಡ್ಡದು ಮಾಡಿಕೊಳ್ಳಲು ಎದುರಾಳಿಯನ್ನು ಹಿಗ್ಗಿಸಿರಬಹುದು ಎಂದು ಯಾರಾದರೂ ಅಂದಾರು. ಇರಲಿ. ಹಿಗ್ಗಿಸುವುದೇ ಆಗಿದ್ದರೆ ಆನೆ ಕುದುರೆಗಳನ್ನು ಸಾವಿರ ಲಕ್ಷವೆಂದು ಎಣಿಸುವುದು ಆ ಕಾಲದ ಪದ್ಧತಿ. ಇಲ್ಲಿ ಹೇಳಿರುವುದು ಅದಲ್ಲ. ‘ಎಲ್ಲ ನಾಡುಗಳ’ ಎಂಬ ಮಾತು ಸೈನ್ಯದ ಗಾತ್ರವನ್ನಲ್ಲ, ಅದು ಕೂಡಿಬಂದ ಬಗೆಯನ್ನು ಹೇಳುತ್ತದೆ.

ಅದಾವ ಬಗೆ? ಕೊಡಗಿನ ಸಂಪ್ರದಾಯ ತನ್ನ ನೆಲವನ್ನು 12 ಕೊಂಬು, 35 ನಾಡು ಎಂದು ಎಣಿಸುತ್ತದೆ. ಒಕ್ಕಗಳು ಸೇರಿ ಊರು, ಊರುಗಳು ಸೇರಿ ನಾಡು. ಒಂದೊಂದಕ್ಕೂ ತಕ್ಕರು, ಕೂಡಿ ಮಾತನಾಡಲು ಮಂದು. ಈ ಎಣಿಕೆ 1174ರಲ್ಲಿ ಹೀಗೆಯೇ ಇತ್ತೆಂದು ನಾನು ವಾದಿಸುವುದಿಲ್ಲ. ಆದರೆ ನಾಡುಗಳು ಇದ್ದವು, ಅವು ಒಂದಲ್ಲ ಹಲವು, ಮತ್ತು ಅವು ಒಟ್ಟಿಗೆ ಹೊರಡಬಲ್ಲವಾಗಿದ್ದವು ಎಂಬುದಕ್ಕೆ ಕಲ್ಲೇ ಸಾಕ್ಷಿ. ಲೆವೆಲಿನ್ ಮತ್ತು ಅವನ ತಮ್ಮ ಸತ್ತಾಗ ವೇಲ್ಸಿನ ಪ್ರತಿರೋಧ ಕುಸಿಯಿತು. ಮತ್ತೆ ತಲೆಯೆತ್ತಲು ಕೆಲವು ವರ್ಷ ಬೇಕಾಯಿತು. ಮಹಾದೇವ ಸತ್ತ ಮೇಲೆ ಕೊಡಗಿನಲ್ಲಿ ಎಲ್ಲ ನಾಡುಗಳೂ ಹೊರಟವು. ಒಂದೇ ತಲೆಯಿದ್ದ ನಾಡಿಗೂ ಹಲವು ತಲೆಗಳಿದ್ದ ನಾಡಿಗೂ ಇರುವ ಅಂತರ ಇದು.

ಇದನ್ನು ಸ್ವಾತಂತ್ರ್ಯ ಸಂಗ್ರಾಮವೆಂದು ಕರೆಯಲು ಉತ್ಸಾಹಿಗಳಿಗೆ ಆಸೆಯಾದೀತು. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಮುಂದಾಳಾದ ಪೆಮ್ಮ ವೀರಪ್ಪ ಚಂಗಾಳ್ವರವನು; ಪಟ್ಟ ಕಳೆದುಕೊಂಡ ಮನೆತನಕ್ಕೆ ಅದನ್ನು ಮರಳಿ ಪಡೆಯುವ ಹಂಬಲ ಸಹಜ. ನಾಡುಗಳವರು ಅವನ ಪಟ್ಟಕ್ಕಾಗಿ ಬಂದರೋ, ತಮ್ಮ ನಡುವೆ ಹೊಸದಾಗಿ ಎದ್ದ ಪಟ್ಟಣವನ್ನು ಅಳಿಸಲು ಬಂದರೋ? ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಪನಸೋಗೆಯಲ್ಲಿ ಚಂಗಾಳ್ವ ಸೋತಾಗ, ನರಸಿಂಹನ ಕೈಯಲ್ಲಿ ಇನ್ನೊಬ್ಬ ಚಂಗಾಳ್ವ ಸತ್ತಾಗ, ಎಲ್ಲ ನಾಡುಗಳು ಎದ್ದ ಸುದ್ದಿಯನ್ನು ಯಾವ ಶಾಸನವೂ ಹೇಳುವುದಿಲ್ಲ. ದಂಡನಾಯಕ ಪಾಲ್ಪರೆಯಲ್ಲಿ ಮನೆ ಹೂಡಿದ ಮೇಲೆ ಎದ್ದವು.

ಸೋತರೂ ಆದ ಪರಿಣಾಮವೇನು? ಚಂಗಾಳ್ವರು ಹೊಯ್ಸಳರ ಅಧೀನರಾದರು, ಆದರೆ ಅಳಿಯಲಿಲ್ಲ. 1252ರಲ್ಲಿ ಹೊಯ್ಸಳ ಸೋಮೇಶ್ವರ ಕಾವೇರಿ ತೀರದ ರಾಮನಾಥಪುರಕ್ಕೆ ಬಂದಾಗ ಸೋಮದೇವ, ಬೊಪ್ಪದೇವ ಎಂಬಿಬ್ಬರು ಚಂಗಾಳ್ವರು ಹೋಗಿ ಅವನನ್ನು ಕಂಡರು. ಇಬ್ಬರೂ ಜೊತೆಯಾಗಿ ಆಳುತ್ತಿದ್ದರು. ಅವರ ರಾಜಧಾನಿ ಕೊಡಗಿನೊಳಗಿನ ಶ್ರೀರಂಗಪಟ್ಟಣ, ನಮಗೆ ಗೊತ್ತಿರುವ ದೊಡ್ಡ ಶ್ರೀರಂಗಪಟ್ಟಣವಲ್ಲ. ದೊರೆ ಮಲೆಯ ಹೊರಗೆ ಬಂದು ಕುಳಿತ, ಮಲೆಯವರು ಇಳಿದು ಬಂದು ಕಾಣಿಕೆ ಕೊಟ್ಟು ಹೋದರು. ಬೆಟ್ಟರಸ ಮುರಿಯಹೊರಟ ಹಳೆಯ ಏರ್ಪಾಟಿಗೇ ಎಲ್ಲರೂ ಮರಳಿದಂತೆ ಕಾಣುತ್ತದೆ. ಹೊಯ್ಸಳರ ನಂತರ ವಿಜಯನಗರ ಬಂತು. 16ನೆಯ ಶತಮಾನದ ಕೊನೆಯ ಹೊತ್ತಿಗೂ ಕೊಡಗನ್ನು ಅಲ್ಲಿಯ ನಾಯಕರೇ ಆಳುತ್ತಿದ್ದರೆಂದೂ, ವಿಜಯನಗರದ ಹಿರಿಮೆಯನ್ನು ಒಪ್ಪಿಕೊಂಡಿದ್ದರೆಂದೂ ಪಾರಸಿ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಒಪ್ಪಿಗೆ ಮೇಲೆ, ಆಳ್ವಿಕೆ ಒಳಗೆ. ಮನಿಜನ ಕಾಲದಿಂದ ನಡೆದುಬಂದದ್ದೇ.

ಈ ಶಾಸನಗಳೆಲ್ಲ ನಮ್ಮ ಕೈಗೆ ಬಂದದ್ದು ಬಿ.ಎಲ್. ರೈಸ್ ಅವರಿಂದ. ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವಾಗಿ ಅವರು 1886ರಲ್ಲಿ ಹೊರತಂದದ್ದು ಕೊಡಗಿನ ಶಾಸನಗಳನ್ನೇ, ಪರಿಷ್ಕರಿಸಿ 1914ರಲ್ಲಿ ಮತ್ತೆ ಅಚ್ಚು ಮಾಡಿಸಿದರು. ಅತ್ತ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಒಂದು ಗೆದ್ದವರು ಬರೆದದ್ದು, ಇನ್ನೊಂದು ಅಲ್ಲಿಯವರೇ ಹಾಡಿಕೊಂಡು ಬಂದದ್ದು. ಹತ್ತು ವರ್ಷಗಳ ಅಂತರದಲ್ಲಿ ಅಚ್ಚಾದ ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಓದುವವರು ಇನ್ನೂ ಹೆಚ್ಚಬೇಕು.

ಚಂಗಾಳ್ವರ ಕೊನೆ ಬಯಲಿನಲ್ಲೇ ಆಯಿತು. ಮುಂದಿನ ಶತಮಾನಗಳಲ್ಲಿ ಅವರು ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೇವರಾಗಿ ನಂಬಿ, ಪಿರಿಯಾಪಟ್ಟಣದಲ್ಲಿ ನೆಲೆಸಿದ್ದರು. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜನ ಸೈನ್ಯ ಪಿರಿಯಾಪಟ್ಟಣವನ್ನು ಮುತ್ತಿದಾಗ ಆ ವಂಶದ ಕಡೆಯ ಅರಸ ಸೆರೆಯಾಗಲು ಒಪ್ಪದೆ ಹೋರಾಡಿ ಸತ್ತ. ಅರಸನ ಊರು ಹೋಯಿತು, ಆದರೆ ಅದರೊಂದಿಗೆ ಕೊಡಗು ಹೋಗಲಿಲ್ಲ. ಮೈಸೂರಿನ ದಂಡು ಮಲೆಯ ಅಂಚಿನಲ್ಲೇ ನಿಂತಿತು. ಪಾಲ್ಪರೆಗೆ ನಡೆದುಬಂದವರಲ್ಲಿ ಒಬ್ಬನಾದ ಉದಯಾದಿತ್ಯದೇವನ ಕುರ್ಚಿ, ಅದೇ ಹೆಸರಿನ ಊರು, ದಕ್ಷಿಣ ಕೊಡಗಿನಲ್ಲಿ ಇಂದಿಗೂ ಇದೆ.